ನಮ್ಮೂರಿನ ಕಾಫಿ, ಜರ್ಮನಿಯ ಕಾನೂನು

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ವ್ಯವಹಾರದ ಸಾಮಾಜಿಕ ಜವಾಬ್ದಾರಿ ಎಂಬ ಪಾಠವಿದೆ. ಮಾಲೀಕರ ಕಡೆಗೆ, ಕಾರ್ಮಿಕರ ಕಡೆಗೆ, ಗ್ರಾಹಕರ ಕಡೆಗೆ, ಸಮಾಜದ ಕಡೆಗೆ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಪಾಠ ನಮ್ಮ ಮನೆಯೊಳಗೂ ಇದೆ ಎಂದು ನನಗೆ ಗೊತ್ತಾಗಿದ್ದು ಕಳೆದ ಕೊಯ್ಲಿನ ಸಮಯದಲ್ಲಿ.

ನನ್ನ ಅಮ್ಮಿ ಕಾಫಿ ಕೊಯ್ಲಿಗೆ ತೋಟಕ್ಕೆ ಹೋಗುತ್ತಾರೆ. ಬೆಳಿಗ್ಗೆ ಜೀಪು ಬಂದು ಕರೆದುಕೊಂಡು ಹೋಗುತ್ತದೆ. ಸಂಜೆ ಹಣ್ಣು ತೂಗಿ, ಕಿಲೋ ಲೆಕ್ಕದಲ್ಲಿ ಮೇಸ್ತ್ರಿ ದುಡ್ಡು ಕೊಡುತ್ತಾರೆ. ಒಂದು ದಿನ ಅಮ್ಮಿ, "ನಾಳೆ ಕೆಲಸ ಇಲ್ಲ. ಯಾರೋ ಚೆಕಿಂಗ್‌ಗೆ ಬರ್ತಾರಂತೆ, ಜೀಪಿನವರು ಬರೋದು ಬೇಡ ಅಂದಿದ್ದಾರೆ" ಎಂದರು. ಹಣ್ಣೆಲ್ಲ ಮಾಗಿ ನಿಂತಿರುವಾಗ ರಜೆ ಯಾಕೆ? ಕಾಲೇಜಿನಲ್ಲಿ ನಮ್ಮ ಸರ್ ಹತ್ತಿರ ಕೇಳಿದೆ. ಅವರು ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಭಾಗ ಕರ್ನಾಟಕದ್ದು. ಅದರಲ್ಲಿ ಕೊಡಗಿನ ಪಾಲೇ ದೊಡ್ಡದು. ದೇಶದ ಬಹುಪಾಲು ಕಾಫಿ ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ ನಮ್ಮ ದೊಡ್ಡ ಗಿರಾಕಿಗಳು. ತೋಟದಿಂದ ಕ್ಯೂರಿಂಗ್ ವರ್ಕ್ಸ್, ಅಲ್ಲಿಂದ ರಫ್ತುದಾರ, ಆಮೇಲೆ ಹಡಗು, ಕೊನೆಗೆ ಅಲ್ಲಿನ ಕಂಪನಿ. ಇದಕ್ಕೆ ಪೂರೈಕೆ ಸರಪಳಿ ಎನ್ನುತ್ತಾರೆ.

ಈ ಸರಪಳಿಯಲ್ಲಿ ಕಾರ್ಮಿಕರಿಗೆ ತೊಂದರೆಯಾದರೆ ಯಾರು ಹೊಣೆ? 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಇದಕ್ಕೆ ಮಾರ್ಗದರ್ಶಿ ತತ್ವಗಳನ್ನು ಒಪ್ಪಿಕೊಂಡಿತು. ಸರ್ಕಾರ ಹಕ್ಕುಗಳನ್ನು ಕಾಪಾಡಬೇಕು, ಕಂಪನಿ ಅವುಗಳನ್ನು ಗೌರವಿಸಬೇಕು, ಅನ್ಯಾಯವಾದವರಿಗೆ ಪರಿಹಾರ ಸಿಗಬೇಕು. ಇವು ತತ್ವಗಳು ಮಾತ್ರ, ಕಾನೂನಲ್ಲ. ಜರ್ಮನಿ ಇದನ್ನು ಕಾನೂನು ಮಾಡಿತು. 2023ರ ಜನವರಿಯಿಂದ ಜಾರಿಗೆ ಬಂದ ಆ ಕಾನೂನಿನ ಪ್ರಕಾರ ಅಲ್ಲಿನ ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರಲ್ಲಿ ಬಾಲಕಾರ್ಮಿಕರು, ಜೀತ, ಅಸುರಕ್ಷಿತ ಕೆಲಸ ಇವೆಯೇ ಎಂದು ನೋಡಬೇಕು. ತಪ್ಪಿದರೆ ದಂಡವಿದೆ.

ಬ್ಯಾಂಕುಗಳಿಗೂ ಇಂಥ ನಿಯಮಗಳಿವೆ. ವಿಶ್ವಬ್ಯಾಂಕ್ ಸಮೂಹದ ಅಂತಾರಾಷ್ಟ್ರೀಯ ಹಣಕಾಸು ನಿಗಮವು ಸಾಲ ಕೊಡುವಾಗ ಕಾರ್ಮಿಕರ ಬಗ್ಗೆ ಷರತ್ತು ಹಾಕುತ್ತದೆ. ಅದನ್ನೇ ಆಧಾರವಾಗಿಟ್ಟುಕೊಂಡು 2003ರಲ್ಲಿ ಕೆಲವು ಬ್ಯಾಂಕುಗಳು ಈಕ್ವೇಟರ್ ತತ್ವಗಳನ್ನು ಒಪ್ಪಿಕೊಂಡವು. ಅಂದರೆ ದೊಡ್ಡ ಯೋಜನೆಗೆ ಸಾಲ ಕೇಳುವವರು ಲಾಭ ನಷ್ಟದ ಲೆಕ್ಕ ತೋರಿಸಿದರೆ ಸಾಲದು, ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದನ್ನೂ ತೋರಿಸಬೇಕು.

ಹಾಗೆಂದು ಇವೆಲ್ಲ ಹೊರದೇಶದವರು ಕಲಿಸಿದ್ದು ಎಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ 1951ರಲ್ಲೇ ತೋಟ ಕಾರ್ಮಿಕರ ಕಾಯ್ದೆ ಬಂತು. ಕುಡಿಯುವ ನೀರು, ಶೌಚಾಲಯ, ಮನೆ, ಚಿಕಿತ್ಸೆ, ಮಕ್ಕಳಿಗೆ ಶಿಶುವಿಹಾರ ಎಲ್ಲವೂ ಅದರಲ್ಲಿತ್ತು. 2020ರ ಕಾರ್ಮಿಕ ಸಂಹಿತೆಯಲ್ಲಿ ಅದನ್ನು ಸೇರಿಸಲಾಗಿದೆ. ಆದರೆ 1951ರ ಕಾಯ್ದೆ ಅನ್ವಯಿಸುತ್ತಿದ್ದುದು ಐದು ಹೆಕ್ಟೇರ್ ಅಥವಾ ಹೆಚ್ಚಿನ ಜಾಗವಿದ್ದು, 15 ಅಥವಾ ಹೆಚ್ಚು ಜನ ಕೆಲಸ ಮಾಡುವ ತೋಟಗಳಿಗೆ. ನಮ್ಮಲ್ಲಿ ಹೆಚ್ಚಿನವರು ಸಣ್ಣ ಬೆಳೆಗಾರರು.

ಈಗ ಅಮ್ಮಿಯ ರಜೆಗೆ ಬರುತ್ತೇನೆ. ಪರಿಶೀಲನೆಗೆ ಬರುವವರು ಮುಖ್ಯವಾಗಿ ನೋಡುವುದು ದಾಖಲೆ: ಹಾಜರಿ ಪುಸ್ತಕ, ಸಂಬಳದ ಪಟ್ಟಿ, ವಯಸ್ಸಿನ ದಾಖಲೆ. ಕಾಯಂ ಆಳುಗಳ ಹೆಸರು ಅದರಲ್ಲಿರುತ್ತದೆ. ಮೇಸ್ತ್ರಿ ಕರೆತರುವವರ ಹೆಸರು ಇರುವುದಿಲ್ಲ. ಅಮ್ಮಿ ಕೊಯ್ದ ಹಣ್ಣಿನ ತೂಕ ತೋಟದ ಲೆಕ್ಕದಲ್ಲಿದೆ, ಅಮ್ಮಿ ಇಲ್ಲ. ಆ ದಿನ ತೋಟದಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿರಬೇಕು. ಅಮ್ಮಿಗೆ ಮಾತ್ರ ಒಂದು ದಿನದ ಕೂಲಿ ಹೋಯಿತು.

ಜರ್ಮನಿಯ ಕಾನೂನಿನಲ್ಲೂ ಇದೇ ತೊಡಕಿದೆ. ಕಂಪನಿ ನೇರವಾಗಿ ಯಾರಿಂದ ಖರೀದಿಸುತ್ತದೋ ಅವರನ್ನು ತಪ್ಪದೆ ಪರೀಕ್ಷಿಸಬೇಕು. ಅದರಾಚೆ ಇರುವವರ ಬಗ್ಗೆ ತೊಂದರೆಯ ಖಚಿತ ಸುಳಿವು ಸಿಕ್ಕಾಗ ಮಾತ್ರ ಕ್ರಮ ಕೈಗೊಳ್ಳಬೇಕು. ಯಾರು ಬೇಕಾದರೂ ದೂರು ಕೊಡಲು ಕಂಪನಿ ವ್ಯವಸ್ಥೆ ಮಾಡಬೇಕು ಎಂದೂ ಅದರಲ್ಲಿದೆ. ಆದರೆ ತಾನು ಕೊಯ್ದ ಕಾಫಿ ಯಾವ ಕಂಪನಿಗೆ ಹೋಗುತ್ತದೆ ಎಂದೇ ಗೊತ್ತಿಲ್ಲದವರು ಯಾರಿಗೆ ದೂರು ಕೊಡಬೇಕು?

ಬೆಳೆಗಾರರ ಕಷ್ಟವೂ ಇದೆ. ಮಳೆ, ಆನೆ, ಆಳಿನ ಕೊರತೆ ಎಲ್ಲವನ್ನೂ ನಾವು ಇಲ್ಲೇ ನೋಡುತ್ತೇವೆ. ಅದರ ಮೇಲೆ ದಾಖಲೆ, ಪರಿಶೀಲನೆಯ ಖರ್ಚು. ನಿಯಮ ಹಾಕುವ ಖರೀದಿದಾರರು ಆ ಖರ್ಚನ್ನು ಬೆಲೆಯಲ್ಲಿ ಸೇರಿಸಿ ಕೊಡದಿದ್ದರೆ ಹೊರೆ ಕೆಳಗೆ ಇಳಿಯುತ್ತಾ ಕೊನೆಗೆ ಕೂಲಿಯವರ ತಲೆ ಮೇಲೆ ಕೂರುತ್ತದೆ.

ನಾವು ವಾಣಿಜ್ಯ ವಿಭಾಗದವರು. ದಾಖಲೆಯಿಲ್ಲದೆ ಲೆಕ್ಕವಿಲ್ಲ ಎಂದು ಮೊದಲ ದಿನವೇ ಕಲಿತಿದ್ದೇವೆ. ಆದ್ದರಿಂದ ನಾನು ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದೆ: ತಾರೀಖು, ತೋಟ, ಕಿಲೋ, ದರ, ಕೈಗೆ ಬಂದ ದುಡ್ಡು. ಪ್ರತಿ ಸಂಜೆ ಅಮ್ಮಿ ಹೇಳುತ್ತಾರೆ, ನಾನು ಬರೆಯುತ್ತೇನೆ. ಮೊದಲು ಅವರು ನಕ್ಕರು. ಎರಡನೇ ವಾರ ಲೆಕ್ಕ ಕೂಡಿದಾಗ ಹನ್ನೊಂದು ಕಿಲೋದ ದುಡ್ಡು ಬರುವುದು ಬಾಕಿ ಇತ್ತು. ಅಮ್ಮಿ ಪುಸ್ತಕ ತೆಗೆದುಕೊಂಡು ಹೋಗಿ ಮೇಸ್ತ್ರಿಗೆ ತೋರಿಸಿದರು. ಬಾಕಿ ಬಂತು.

ಈಗ ಪಕ್ಕದ ಮನೆಯ ಖಾಲಾ ಕೂಡ ತಮ್ಮ ಲೆಕ್ಕ ಬರೆಸಲು ಬರುತ್ತಾರೆ. ನಿಮ್ಮ ಮನೆಯಲ್ಲೂ ಕೊಯ್ಲಿಗೆ ಹೋಗುವವರಿದ್ದರೆ ಇಂದೇ ಒಂದು ಪುಸ್ತಕ ಶುರು ಮಾಡಿ.