ಇಪ್ಪತ್ತೈದನೇ ಕಿಂಡಿ

ಕುರ್ಲಾದಲ್ಲಿ ಮತ್ಸ್ಯಗಂಧಾ ಹತ್ತುವವರಿಗೆ ಗೊತ್ತು, ಲೋಕಮಾನ್ಯ ತಿಲಕ್ ಟರ್ಮಿನಸ್ಸಿನ ಆಸುಪಾಸಿನಲ್ಲಿ ಊರ ಕಡೆಯ ಟಿಕೆಟ್ ಮಾಡಿಕೊಡುವ ಸಣ್ಣ ಸಣ್ಣ ಆಫೀಸುಗಳಿವೆ. ಒಂದು ಕಂಪ್ಯೂಟರು, ಕೇಬಲ್‌ನವನು ಎಳೆದುಕೊಟ್ಟ ಇಂಟರ್ನೆಟ್ಟು, ಇಷ್ಟೇ ಬಂಡವಾಳ. ಇಂಥ ಕಡೆ ಒಂದು ದಿನ ಕಳಿಸಿದ ಮೇಲ್‌ಗಳೆಲ್ಲ 550 ಎಂಬ ಸಂಖ್ಯೆ ಹೊತ್ತು ವಾಪಸು ಬರತೊಡಗುತ್ತವೆ. ಇಂಥಲ್ಲಿ ಅದಕ್ಕೆ ಸಾಮಾನ್ಯವಾಗಿ ನಿಮ್ಮ ಐಪಿ ವಿಳಾಸ ಸ್ಪ್ಯಾಮ್ ಕಪ್ಪುಪಟ್ಟಿಯಲ್ಲಿದೆ ಎಂದರ್ಥ. ಮಾಲೀಕ ಏನೂ ಮಾಡಿಲ್ಲ. ಇಡೀ ಕಟ್ಟಡಕ್ಕೆ ಕೇಬಲ್‌ನವನು ಹಂಚಿದ್ದು ಒಂದೇ ಐಪಿ ವಿಳಾಸ. ಮೇಲಿನ ಮಾಳಿಗೆಯ ಯಾರದೋ ಕಂಪ್ಯೂಟರಿಗೆ ವೈರಸ್ ಹೊಕ್ಕಿದ್ದರೂ ಶಿಕ್ಷೆ ಎಲ್ಲರಿಗೆ.

ಮನೆಯ ಕಂಪ್ಯೂಟರು ಒಡೆಯನಿಗೆ ತಿಳಿಯದ ಹಾಗೆ ರಾತ್ರಿಯಿಡೀ ಮೇಲ್ ಕಳಿಸುತ್ತದೆ ಎಂಬುದನ್ನು ಜಗತ್ತು ಕಂಡುಕೊಂಡದ್ದು ಬಹಳ ತಡವಾಗಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮುಂಬಯಿಗೆ ಇಂಟರ್ನೆಟ್ ಕೊಟ್ಟ ಹೊಸತರಲ್ಲಿ ಮೇಲ್ ವಿಳಾಸದಲ್ಲಿ ‘ಜಿಯಾಸ್‌ಬಿಎಂ01’ ಎಂಬ ಯಂತ್ರದ ಹೆಸರೇ ಇರುತ್ತಿತ್ತು, ಬೆಂಗಳೂರಿನವರದು ‘ಜಿಯಾಸ್‌ಬಿಜಿ01’. ಹೆಚ್ಚಿನವರು ಫೋನ್ ಮೂಲಕ ಆ ಯಂತ್ರದೊಳಗೇ ಹೋಗಿ ಪತ್ರ ಬರೆದು ಬರುವುದು. ಅಂಥವರ ಮನೆಯ ಕಂಪ್ಯೂಟರು ತಾನೇ ಅಂಚೆಯವನಾಗುವ ಮಾತೇ ಇರಲಿಲ್ಲ.

ಆದರೆ ಕಿಂಡಿ ಮೊದಲಿನಿಂದಲೂ ತೆರೆದೇ ಇತ್ತು. ಜೊನಾಥನ್ ಪೋಸ್ಟೆಲ್ 1982ರಲ್ಲಿ ಬರೆದ ಎಸ್‌ಎಂಟಿಪಿ ನಿಯಮದಂತೆ ಮೇಲ್ ಸರ್ವರುಗಳು ಒಂದರೊಡನೊಂದು ಮಾತಾಡುವುದು 25ನೇ ಪೋರ್ಟಿನಲ್ಲಿ, ಅಂದರೆ 25ನೇ ಕಿಂಡಿಯಲ್ಲಿ. ಬೇಕಾದರೆ ಕೈಯಿಂದಲೇ ಟೈಪ್ ಮಾಡಿ ನೋಡಬಹುದು. ಆ ಪೋರ್ಟು ತಟ್ಟಿದರೆ ಆಚೆಯ ಯಂತ್ರ 220 ಎನ್ನುತ್ತದೆ. ನಮ್ಮ ಹೆಸರು ಹೇಳಿದರೆ 250. ಇಂಥವರಿಂದ, ಇಂಥವರಿಗೆ ಎಂದರೆ ಮತ್ತೆರಡು ಸಲ 250. ಪತ್ರ ಬರೆದು, ಕೊನೆಗೆ ಒಂದು ಸಾಲಿನಲ್ಲಿ ಬರೀ ಚುಕ್ಕಿ ಇಟ್ಟರೆ ಮುಗಿಯಿತು. ನೀನು ನಿಜಕ್ಕೂ ಅವನೇನಾ ಎಂದು ಆ ನಿಯಮದಲ್ಲಿ ಯಾರೂ ಕೇಳುವುದಿಲ್ಲ. ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರ ಲೋಕಕ್ಕೆ ಅಷ್ಟು ಸಾಕಿತ್ತು.

2003ರಲ್ಲಿ ಅಮೆರಿಕದ ಭದ್ರತಾ ಸಂಶೋಧಕ ಜೋ ಸ್ಟುವರ್ಟ್, ಸೋಬಿಗ್ ಎಂಬ ವೈರಸ್ಸನ್ನು ಬಿಚ್ಚಿ ನೋಡಿದರು. ಅದು ಫೈಲು ಅಳಿಸುವ ಹಳೆಯ ಕಾಲದ ಕಿಡಿಗೇಡಿಯಲ್ಲ. ಸೋಂಕು ತಗಲಿದ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಪ್ರಾಕ್ಸಿಯೊಂದನ್ನು ಸ್ಥಾಪಿಸುತ್ತಿತ್ತು, ಸ್ಪ್ಯಾಮ್ ವ್ಯಾಪಾರಿಗೆ ಹಿಂಬಾಗಿಲು. ಮರುವರ್ಷ ಅಮೆರಿಕದ ಕಾಮ್‌ಕಾಸ್ಟ್ ಕಂಪನಿಯ ಎಂಜಿನಿಯರು ಲೆಕ್ಕ ಬಿಡಿಸಿಟ್ಟರು: ತಮ್ಮ ಜಾಲದಿಂದ ದಿನಕ್ಕೆ ಹೊರಡುವ ಮೇಲ್ 80 ಕೋಟಿ, ತಮ್ಮ ಸರ್ವರ್ ಮೂಲಕ ಹೋಗುವುದು ಬರೀ 10 ಕೋಟಿ. ಮಿಕ್ಕಿದ್ದು ಬಹುತೇಕ ಗಿರಾಕಿಗಳ ಮನೆಯಿಂದ ನೇರ ಹೊರಡುತ್ತಿದ್ದ ಸ್ಪ್ಯಾಮು. ಕಂಪನಿ ಸೋಂಕಿತ ಮನೆಗಳ ಮೋಡೆಮ್‌ಗಳಲ್ಲಿ ಮಾತ್ರ 25ನ್ನು ಮುಚ್ಚಿತು. ತಮ್ಮಲ್ಲಿಂದ ಹೊರಡುವ ಸ್ಪ್ಯಾಮು ಶೇ. 35ರಷ್ಟು ಇಳಿಯಿತು ಎಂದು ಹೇಳಿಕೊಂಡಿತು.

ಪತ್ತೇದಾರಿಯ ನಿಜವಾದ ಸ್ವಾರಸ್ಯ ಮಾತ್ರ ಬ್ರೆಜಿಲ್‌ನದು. ಅಲ್ಲಿನ ಇಂಟರ್ನೆಟ್ ಭದ್ರತೆ ನೋಡಿಕೊಳ್ಳುವ ಸರ್ಟ್.ಬಿಆರ್ ತಂಡ 2006ರಲ್ಲಿ ಸಾಮಾನ್ಯ ಬ್ರಾಡ್‌ಬ್ಯಾಂಡ್ ಲೈನುಗಳಿಗೆ 10 ಕಂಪ್ಯೂಟರುಗಳನ್ನು ಜೋಡಿಸಿ, ಬೇಕೆಂದೇ ಬಾಗಿಲು ತೆರೆದಿಟ್ಟ ಬೆಪ್ಪು ಯಂತ್ರಗಳ ಹಾಗೆ ಕೂರಿಸಿತು. ಯಾರು ಬಂದು ಏನು ಕಳಿಸು ಎಂದರೂ ಅವು ‘ಆಯಿತು, ಕಳಿಸಿದೆ’ ಎನ್ನುತ್ತಿದ್ದವು. ಮೇಲನ್ನು ಮಾತ್ರ ಒಳಗೇ ಇಟ್ಟುಕೊಳ್ಳುತ್ತಿದ್ದವು. 466 ದಿನಗಳಲ್ಲಿ ಬಲೆಗೆ ಬಿದ್ದದ್ದು 52 ಕೋಟಿಗೂ ಹೆಚ್ಚು ಮೇಲ್, ಅವು ಸೇರಬೇಕಿದ್ದದ್ದು 480 ಕೋಟಿ ವಿಳಾಸಗಳಿಗೆ. ಹತ್ತೇ ಹತ್ತು ಲೈನುಗಳಲ್ಲಿ! ಕಳಿಸಿದವರ ಐಪಿ ಹುಡುಕಿದರೆ ಬಹುಪಾಲು ತೈವಾನಿನವು. ಬ್ರೆಜಿಲ್ ಬರೀ ಕೊಳವೆ. ಕೆಟ್ಟ ಹೆಸರು ಅದಕ್ಕೆ, ಲಾಭ ಬೇರೆಯವರಿಗೆ.

ಹಾಗಾದರೆ ಎಲ್ಲರ 25ನ್ನೂ ಮುಚ್ಚಿಬಿಡಬಹುದಲ್ಲ? ಹಾಗೆ ಮುಚ್ಚಿದರೆ ಪ್ರಾಮಾಣಿಕರು ಮೇಲ್ ಕಳಿಸುವುದೆಲ್ಲಿಂದ? ಇದಕ್ಕೆ ಉತ್ತರ 1998ರ ಡಿಸೆಂಬರಿನಲ್ಲೇ ಸಿದ್ಧವಾಗಿತ್ತು. ರ‍್ಯಾಂಡಲ್ ಗೆಲೆನ್ಸ್ ಮತ್ತು ಜಾನ್ ಕ್ಲೆನ್ಸಿನ್ ಬರೆದ ನಿಯಮವೊಂದು 587 ಎಂಬ ಬೇರೆ ಪೋರ್ಟನ್ನು ಕೊಟ್ಟಿತು. ನಾವು ಕಾಗದವನ್ನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೊಡುತ್ತೇವೆ; ಚೀಲ ಕಟ್ಟಿ ರೈಲಿಗೆ ಹಾಕುವುದು ಅಂಚೆಯವರ ಕೆಲಸ. 587 ಕೌಂಟರು, 25 ರೈಲಿನ ಚೀಲ. ಕೌಂಟರಿನಲ್ಲಿ ಪಾಸ್‌ವರ್ಡ್ ಕೇಳಬಹುದು. ನನ್ನ ಮಟ್ಟಿಗೆ ಆವಿಷ್ಕಾರ ಎನ್ನಬೇಕಾದ್ದು ಇದನ್ನೇ; ಬೀಗ ಹಾಕುವುದು ಯಾರಿಗಾದರೂ ಹೊಳೆಯುತ್ತದೆ. ಸೋಬಿಗ್‌ನಂಥ ವೈರಸ್ಸುಗಳ ಕಾಲಕ್ಕೆ ಐದು ವರ್ಷ ಮುಂಚೆಯೇ ಬಂದ ಈ ನಿಯಮ, ಎಂದಿನಂತೆ, ಕಪಾಟಿನಲ್ಲಿ ಕೂತಿತ್ತು.

2009ರಲ್ಲಿ ಸ್ಪ್ಯಾಮ್ ಉಗುಳುವ ದೇಶಗಳ ಸಾಲಿನಲ್ಲಿ ಮೊದಲಿದ್ದ ಬ್ರೆಜಿಲ್, ಕಂಪನಿಗಳನ್ನೂ ಸರ್ಕಾರವನ್ನೂ ಒಟ್ಟು ಕೂರಿಸಿ, ಮೊದಲು ಎಲ್ಲರನ್ನೂ 587ಕ್ಕೆ ಸಾಗಿಸಿ, 2012ರ ಕೊನೆಯ ಹೊತ್ತಿಗೆ ಮನೆ ಲೈನುಗಳ 25ನ್ನು ಮುಚ್ಚಿತು. ಮೊದಲ ಹತ್ತರಿಂದಲೇ ಹೊರಬಿತ್ತು. ಅದೇ 2012ರ ಏಪ್ರಿಲ್‌ನಲ್ಲಿ ಸೋಫೋಸ್ ಎಂಬ ಭದ್ರತಾ ಕಂಪನಿಯ ಪಟ್ಟಿಯಲ್ಲಿ ಅಮೆರಿಕವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದದ್ದು ನಮ್ಮ ಭಾರತ, ಜಗತ್ತಿನ ಸ್ಪ್ಯಾಮಿನಲ್ಲಿ ಶೇ. 9.3 ಪಾಲು. ನಮ್ಮ ದೂರಸಂಪರ್ಕ ನಿಯಂತ್ರಕ ಟ್ರಾಯ್ ಆ ಹೊತ್ತಿಗೆ ಫೋನ್ ಕರೆ ಮತ್ತು ಎಸ್ಸೆಮ್ಮೆಸ್ ಕಾಟಕ್ಕೆ 2010ರ ನಿಯಮ ತಂದಾಗಿತ್ತು. ಮೇಲ್ ಅದರೊಳಗೆ ಬರಲಿಲ್ಲ.

25ನ್ನು ಮುಚ್ಚಬಾರದು ಎನ್ನುವವರ ವಾದ ಹಗುರವಲ್ಲ. ಸ್ವಂತ ಮೇಲ್ ಸರ್ವರ್ ನಡೆಸುವವನು ಕಂಪನಿಯ ಕೃಪೆಗೆ ಕಾಯಬೇಕಾಗುತ್ತದೆ. ಇಂದು 25, ನಾಳೆ ಇನ್ನಾವುದೋ ಎಂಬ ಅಂಜಿಕೆಯೂ ಇದೆ. ಅಂಥವರಿಗೆ ಕೇಳಿದ ಕೂಡಲೇ, ಕಾರಣ ಕೇಳದೆ, ಕಿಂಡಿ ತೆಗೆದುಕೊಡಬೇಕು. ಉಳಿದ ಮನೆಗಳಿಗೆ ಮುಚ್ಚಿಯೇ ಇರಲಿ. ಸ್ಪ್ಯಾಮಿನವರು ಸುಮ್ಮನಾಗುವುದಿಲ್ಲ ನಿಜ, ಪಾಸ್‌ವರ್ಡ್ ಕದ್ದು 587ರಲ್ಲೇ ಬರುತ್ತಾರೆ. ಆದರೆ ಅಲ್ಲಿ ಯಾರ ಖಾತೆಯಿಂದ ಎಂಬುದು ಮೇಲ್ ಸರ್ವರ್‌ಗೆ ಗೊತ್ತಿರುತ್ತದೆ, ಆ ಒಂದು ಖಾತೆಯನ್ನು ನಿಲ್ಲಿಸಿದರೆ ಆಯಿತು.