ಹಳೇ ಲ್ಯಾಪ್‌ಟಾಪ್, ಲಿನಕ್ಸ್, ಹೊಸ ಗೇಮ್!

ಮುಂಬೈನ ಲ್ಯಾಮಿಂಗ್ಟನ್ ರೋಡಲ್ಲಿ ಗ್ರಾಫಿಕ್ಸ್ ಕಾರ್ಡ್ ರೇಟ್ ಕೇಳಿ ಸುಮ್ನೆ ವಾಪಸ್ ಬಂದ್ರಾ? ಕಾರ್ಡ್ ಇಲ್ಲದೆಯೂ ಆಡಬಹುದು. ಲಿನಕ್ಸಲ್ಲೂ!

ಕ್ಲೌಡ್ ಗೇಮಿಂಗಲ್ಲಿ ಗೇಮ್ ಓಡೋದು ಸರ್ವರಲ್ಲಿ, ನಿಮಗೆ ಬರೋದು ಬರೀ ವಿಡಿಯೊ. ಜಂಪ್ ಬಟನ್ ಒತ್ತಿದ್ರೆ, ಆ ಸಂದೇಶ ಸರ್ವರ್ ಮುಟ್ಟಿ, ಹೀರೊ ಹಾರಿದ ಚಿತ್ರ ವಾಪಸ್ ಬರಬೇಕು. ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಒಂದು ಫ್ರೇಮಿಗೆ ಸುಮಾರು 17 ಮಿಲಿಸೆಕೆಂಡ್. ಸರ್ವರ್ ಸಿಂಗಾಪುರದಲ್ಲಿದ್ರೆ ಹೋಗಿ ಬರೋದ್ರಲ್ಲೇ ಮೂರ್ನಾಲ್ಕು ಫ್ರೇಮ್ ಕಳೆದಿರುತ್ತೆ. ಅದೇ ನವಿ ಮುಂಬೈನ ಐರೋಲಿ, ಮಹಾಪೆ ಡೇಟಾ ಸೆಂಟರಲ್ಲಿದ್ರೆ ಡೊಂಬಿವಲಿಯವರಿಗೆ ಪಕ್ಕದ ಮನೆ ಇದ್ದಂಗೆ.

ಲಿನಕ್ಸಿಗೇನು ಲಾಭ? 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಅನ್ನೋ ಸಾಫ್ಟ್‌ವೇರ್ ತಂದ ಮೇಲೆ ಸಾವಿರಾರು ವಿಂಡೋಸ್ ಗೇಮ್‌ಗಳು ಲಿನಕ್ಸಲ್ಲೇ ಓಡ್ತವೆ. ಆದ್ರೆ ಫೋರ್ಟ್‌ನೈಟ್, ವ್ಯಾಲೊರಂಟ್ ಥರದವು ಆಂಟಿ-ಚೀಟ್ (ಮೋಸದಾಟ ತಡೆಯೋ ಸಾಫ್ಟ್‌ವೇರ್) ಕಾರಣಕ್ಕೆ ಓಡಲ್ಲ. ಕ್ಲೌಡಲ್ಲಿ ಆ ತಲೆನೋವಿಲ್ಲ. ಸೇವೆಯ ಪಟ್ಟಿಯಲ್ಲಿ ಗೇಮ್ ಇದ್ರೆ ಆಯ್ತು. 2025ರ ನವೆಂಬರಲ್ಲಿ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಭಾರತಕ್ಕೆ ಬಂತು. ಅದಕ್ಕೆ ಬ್ರೌಸರ್ ಸಾಕು.

ಎರಡು ಎಚ್ಚರಿಕೆ. ಮೊದಲನೆಯದು ಡೇಟಾ. ಫುಲ್ ಎಚ್‌ಡಿ ಚಿತ್ರ 25 ಎಂಬಿಪಿಎಸ್‌ನಲ್ಲಿ ಬಂದ್ರೆ ಗಂಟೆಗೆ 11 ಜಿಬಿ ಖಾಲಿ. ಮೊಬೈಲಿನ ದಿನದ 2 ಜಿಬಿ ಹತ್ತೇ ನಿಮಿಷಕ್ಕೆ ಮುಗೀತು! ಲೋಕಲ್ ಟ್ರೇನಲ್ಲಂತೂ ಬೇಡ, ಮನೆ ಬ್ರಾಡ್‌ಬ್ಯಾಂಡೇ ಬೇಕು.

ಎರಡನೆಯದು, ಸೇವೆ ನಿಂತರೆ ಗೇಮೂ ಹೋಯ್ತು. ಲಿನಕ್ಸ್ ಸರ್ವರ್‌ಗಳ ಮೇಲೇ ನಡೀತಿದ್ದ ಗೂಗಲ್ ಸ್ಟೇಡಿಯಾ 2023ರ ಜನವರಿ 18ರಂದು ಮುಚ್ಚಿತು.

ಹಾಗಾಗಿ ನಿಮ್ಮ ಕಂಪ್ಯೂಟರಲ್ಲಿ ಪ್ರೋಟಾನ್ ಮೂಲಕ ಚೆನ್ನಾಗಿ ಓಡೋ ಗೇಮನ್ನ ಅಲ್ಲೇ ಆಡಿ. ಓಡದೇ ಇರೋದಕ್ಕೆ ಮಾತ್ರ ಕ್ಲೌಡಿಗೆ ದುಡ್ಡು ಕೊಡಿ.