ಹಾರನ್ ನುಂಗಿದ ಮಂದ್ರ

ಬ್ಯಾಟರಿಗೆ ಹಾಕಿದರೆ ನೆಟ್ಟಗೆ ಮಾತಾಡುತ್ತದೆ, ಕರೆಂಟಿಗೆ ಹಾಕಿದರೆ ಗುಂಯ್ ಅನ್ನುತ್ತದೆ. ಮೈಸೂರು–ಮಾನಂದವಾಡಿ ರಸ್ತೆಯ ಹ್ಯಾಂಡ್‌ಪೋಸ್ಟ್‌ನಲ್ಲಿ ರಿಪೇರಿಗೆ ಬಂದಿದ್ದ ಹಳೆಯ ಮೈಕ್ ಸೆಟ್ಟಿನ ಕಾಯಿಲೆ ಅದು. ಜಾತ್ರೆ, ಮದುವೆ, ಚುನಾವಣೆ ಎಲ್ಲ ಕಂಡ ಆಂಪ್ಲಿಫೈಯರ್. 12 ವೋಲ್ಟಿನ ಬ್ಯಾಟರಿಗೂ 230 ವೋಲ್ಟಿನ ಕರೆಂಟಿಗೂ ಒಗ್ಗುವಂಥದು. ಬ್ಯಾಟರಿಯಲ್ಲಿ ಸದ್ದು ಸ್ವಚ್ಛವಾಗಿದ್ದ ಮೇಲೆ ತಪ್ಪು ಟ್ರಾನ್ಸ್‌ಫಾರ್ಮರಿನಿಂದ ಕಂಡೆನ್ಸರ್‌ವರೆಗಿನ ಗೇಣುದ್ದದ ಜಾಗದಲ್ಲೇ ಇರಬೇಕು.

ಹಳೆ ಸೆಟ್ಟು ಗುಂಯ್ ಅಂದರೆ ಎಲ್ಲರೂ ಮೊದಲು ಕೈಹಾಕುವುದು ದೊಡ್ಡ ಕಂಡೆನ್ಸರಿಗೆ. ಒಳಗಿನ ದ್ರಾವಣ ಒಣಗಿ ಅದು ಸೊರಗುವುದು ನಿಜವೇ. ಇಲ್ಲೂ ಹೊಸದು ಹಾಕಿದ್ದಾಯಿತು. ಗುಂಯ್ ಕೊಂಚ ತಗ್ಗಿತು, ಹೋಗಲಿಲ್ಲ. ರಿಪೇರಿಯಲ್ಲಿ ಇಂಥ ಅರೆಗುಣ ಬಲು ಅಪಾಯ. ಇನ್ನೂ ದೊಡ್ಡ ಕಂಡೆನ್ಸರ್ ಹಾಕೋಣ ಅನ್ನಿಸಿಬಿಡುತ್ತದೆ.

ಸೆಟ್ಟು ಗುಟ್ಟು ಬಿಟ್ಟದ್ದು ಹಾರನ್ ಕಳಚಿದಾಗ. ಹಾರನ್ ಇರುವುದು ಮಾತನ್ನು ದೂರ ಮುಟ್ಟಿಸಲಿಕ್ಕೆ. ತೀರಾ ತಗ್ಗಿನ ಸ್ವರ ಅದರಿಂದ ಹೊರಡುವುದೇ ಇಲ್ಲ. ಮರದ ಪೆಟ್ಟಿಗೆಯ ದೊಡ್ಡ ಸ್ಪೀಕರ್ ಜೋಡಿಸಿದರೆ ಗುಂಯ್‌ನ ಅಡಿಯಲ್ಲಿ ಎದೆಗೆ ತಾಕುವ ಮಂದ್ರವೊಂದು ಕೇಳಿತು. ಕಂಡೆನ್ಸರ್ ಒಣಗಿದ್ದ ಇನ್ನೊಂದು ಸೆಟ್ಟನ್ನು ಅದೇ ಸ್ಪೀಕರಿಗೆ ಹಾಕಿದಾಗ ಅದರ ಗುಂಯ್ ಸರಿಯಾಗಿ ಒಂದು ಸ್ಥಾಯಿ ಮೇಲಿತ್ತು.

ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ತುಯ್ಯುತ್ತದೆ. ನಾಲ್ಕು ಡಯೋಡುಗಳ ಬ್ರಿಜ್ ಎರಡೂ ತುಯ್ತಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಕಂಡೆನ್ಸರ್ ಸೆಕೆಂಡಿಗೆ 100 ಸಲ ತುಂಬುತ್ತದೆ; ಅದು ಸೋತರೆ ಕೇಳುವುದು 100ರ ಗುಂಯ್. ಒಂದು ಡಯೋಡು ಕೈಕೊಟ್ಟರೆ ಅರ್ಧ ಅಲೆ ದಂಡ. 10 ಮಿಲಿಸೆಕೆಂಡಿಗೊಮ್ಮೆ ತುಂಬಬೇಕಾದ್ದು 20ಕ್ಕೊಮ್ಮೆ ತುಂಬುತ್ತದೆ, ಸ್ವರ 50ಕ್ಕಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ವಿಪರೀತ ಕಾಯುತ್ತಿದ್ದುದಕ್ಕೂ ಅದೇ ಕಾರಣ: ಕರೆಂಟನ್ನು ಒಂದೇ ಬದಿಗೆ ಎಳೆದರೆ ಅದರ ಕಬ್ಬಿಣ ಕಾಂತತ್ವದಿಂದ ಒಂದೇ ಕಡೆಗೆ ತುಂಬಿಹೋಗುತ್ತದೆ.

ಕರೆಂಟನ್ನು ಒಮ್ಮುಖವಾಗಿ ಬಿಡುವ ಗುಣವನ್ನು ಫರ್ಡಿನಾಂಡ್ ಬ್ರೌನ್ 1874ರಲ್ಲೇ ಸಲ್ಫೈಡ್ ಹರಳುಗಳಲ್ಲಿ ಕಂಡಿದ್ದ. ಸೀಸದ ಅದಿರಿನ ಹರಳು ಬಳಸಿದ ಪತ್ತೆಯಂತ್ರಕ್ಕೆ ಜಗದೀಶಚಂದ್ರ ಬೋಸ್ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ನಮ್ಮ ಸೆಟ್ಟಿನಲ್ಲಿದ್ದವು ಸಿಲಿಕಾನ್ ಡಯೋಡುಗಳು. ಪ್ಲಗ್ ಕಿತ್ತು, ಕಂಡೆನ್ಸರಿನ ಚಾರ್ಜ್ ಇಳಿಸಿ, ಪ್ರತಿಯೊಂದರ ಒಂದು ಕಾಲು ಬಿಡಿಸಿ ಅಳೆದರೆ ನಾಲ್ಕೂ ಸರಿ! ಒಂದು ಕಡೆ 0.6 ವೋಲ್ಟಿನ ಆಸುಪಾಸು, ತಿರುಗಿಸಿದರೆ ಏನೂ ಇಲ್ಲ.

ಕಿವಿ ಸುಳ್ಳೋ, ಮೀಟರ್ ಸುಳ್ಳೋ? ಎರಡೂ ಅಲ್ಲ. ಮೀಟರಿನ ಮೊನೆ ಮುಟ್ಟಿದ್ದು ಡಯೋಡಿನ ಕಾಲನ್ನು, ಬೋರ್ಡಿನ ತಾಮ್ರದ ಪಟ್ಟಿಯನ್ನಲ್ಲ. ಬಿಡಿಸದೆ ಉಳಿದ ಕಾಲಿನಿಂದ ಪಟ್ಟಿಗೆ ಅಳೆದಾಗ ಒಂದು ಕಡೆ ಸಂಪರ್ಕವೇ ಇರಲಿಲ್ಲ. ಮಸೂರದಲ್ಲಿ ನೋಡಿದರೆ ಬೆಸುಗೆಯ ಸುತ್ತ ಕೂದಲೆಳೆಯ ಬಿರುಕು. ಕಾದು ಆರಿ, ಕಾದು ಆರಿ, ಮೇಲೆ ಟೆಂಪೋದ ಕುಲುಕಾಟ.

ಎಂಟೂ ಕಾಲುಗಳಿಗೆ ಹೊಸ ಬೆಸುಗೆ ಬಿತ್ತು. ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟಾಗ ಬಲ್ಬು ಒಮ್ಮೆ ಮಿಂಚಿ ಮಂಕಾಯಿತು, ಶಾರ್ಟ್ ಇಲ್ಲ. ಆಮೇಲೆ ನೇರ ಕರೆಂಟಿನಲ್ಲಿ ಗಂಟೆಹೊತ್ತು ಓಡಿಸಿದರೂ ಟ್ರಾನ್ಸ್‌ಫಾರ್ಮರ್ ಬರೀ ಬೆಚ್ಚಗಿತ್ತು. ಹೊಸ ಕಂಡೆನ್ಸರ್ ಹಾಗೇ ಉಳಿಯಿತು; ಹಳೆಯದಕ್ಕೆ ಹೇಗೂ ವಯಸ್ಸಾಗಿತ್ತು.